ಬೇರೆ ಕೂರಬೇಕಾದ್ದು ಡಬ್ಬಿ, ಮಗು ಅಲ್ಲ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಸಲಹೆಗೆಂದು ಅಮ್ಮ ನನ್ನ ಬಳಿ ಕರೆತಂದ ಮಗುವನ್ನು ಪುಟ್ಟಿ ಅನ್ನೋಣ.

ಪುಟ್ಟಿಗೆ ಐದು ವರ್ಷ. ಕೆಲವು ವಾರಗಳಿಂದ ಶಾಲೆಗೆ ಒಯ್ದ ಊಟದ ಡಬ್ಬಿಯನ್ನು ಮುಟ್ಟದೆ ಹಾಗೇ ವಾಪಸ್ ತರುತ್ತಿದ್ದಳು. ಅವಳಿಗೆ ಕಡಲೆಕಾಯಿ ಅಲರ್ಜಿ. ಎರಡು ವರ್ಷದವಳಿದ್ದಾಗ ಒಮ್ಮೆ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರಾಡಲು ಕಷ್ಟವಾಗಿ ಆಸ್ಪತ್ರೆ ಸೇರಿದ್ದಳು. ಅಮ್ಮನಿಗೆ ಆ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಒಂದು ಚೂರು ಬಾಯಿಗೆ ಹೋದ್ರೂ ಸತ್ತೋಗ್ತೀಯ ಅಂತ ದಿನಾ ಹೇಳಿ ಕಳಿಸ್ತೀನಿ ಮೇಡಂ. ಹೇಳದೇ ಇರೋಕಾಗುತ್ತಾ?" ಎಂದರು.

ಶಾಲೆಯವರೂ ತಮಗೆ ತೋಚಿದ ಎಚ್ಚರಿಕೆ ವಹಿಸಿದ್ದರು. ಊಟದ ಹೊತ್ತಿಗೆ ಅವಳೊಬ್ಬಳನ್ನೇ ಮೂಲೆಯ ಮೇಜಿನಲ್ಲಿ ಕೂರಿಸುತ್ತಿದ್ದರು. ಉಳಿದ ಮಕ್ಕಳು ಅದನ್ನು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಅವಳನ್ನು ಮುಟ್ಟಿದರೆ ನಮಗೂ ಬರುತ್ತೆ ಎಂದು ಒಬ್ಬಳು ಸುದ್ದಿ ಹಬ್ಬಿಸಿದಳು. ಒಬ್ಬ ಹುಡುಗ ಕಡಲೆಬೀಜ ಹಿಡಿದು ಅವಳನ್ನು ಅಟ್ಟಿಸಿಕೊಂಡು ಹೋದ.

ನನ್ನ ಕೋಣೆಯಲ್ಲಿ ಪುಟ್ಟಿ ಗೊಂಬೆಗಳಿಗೆ ಊಟ ಬಡಿಸಿದಳು. ಎಲ್ಲವಕ್ಕೂ ತಟ್ಟೆ ಇಟ್ಟಳು. ಒಂದನ್ನು ಮಾತ್ರ ಗೋಡೆ ಕಡೆ ಮುಖ ಮಾಡಿ ಕೂರಿಸಿದಳು. ಯಾಕೆ ಎಂದು ಕೇಳಿದೆ. "ಅದು ಏನೋ ತಪ್ಪು ಮಾಡಿದೆ ಆಂಟಿ. ಅದಕ್ಕೇ ಅಲರ್ಜಿ ಬಂದಿದೆ."

ಈ ವಯಸ್ಸಿನಲ್ಲಿ ಕಾಯಿಲೆಯನ್ನು ಶಿಕ್ಷೆ ಅಂದುಕೊಳ್ಳುವ ಮಕ್ಕಳು ಬಹಳ. ಎಲ್ಲ ಕಾಯಿಲೆಯೂ ಅಂಟುತ್ತದೆ ಎಂದುಕೊಳ್ಳುವುದೂ ಅಷ್ಟೇ ಸಾಮಾನ್ಯ. ಹಾಗಾಗಿ ಮೊದಲು ಈ ಎರಡನ್ನು ಬಿಡಿಸಿ ಹೇಳಬೇಕಿತ್ತು. ಪುಟ್ಟಿಗೆ ಹೀಗೆ ಹೇಳಿದೆ: ನಿನ್ನ ಮೈಯೊಳಗೆ ಕಾವಲುಗಾರರಿದ್ದಾರೆ. ಕಡಲೆಕಾಯಿ ಬಂದರೆ ಅವರು ಕಳ್ಳ ಬಂದ ಅಂದುಕೊಂಡು ಗಲಾಟೆ ಮಾಡುತ್ತಾರೆ. ಅದರಲ್ಲಿ ನಿನ್ನ ತಪ್ಪೂ ಇಲ್ಲ, ಕಡಲೆಕಾಯಿ ತಪ್ಪೂ ಇಲ್ಲ.

ಅಮ್ಮನ ಜೊತೆ ಜಾಸ್ತಿ ಹೊತ್ತು ಬೇಕಾಯಿತು. ಸಾವಿನ ಮಾತು ಮಗುವಿಗೆ ಭಯ ಕಲಿಸಿದೆ, ಏನು ಮಾಡಬೇಕು ಅನ್ನುವುದನ್ನು ಕಲಿಸಿಲ್ಲ ಎಂದೆ. ಅವಳು ಮಾಡಬಲ್ಲ ಕೆಲಸ ಹೇಳಿಕೊಡಿ. ಮನೆಯಿಂದ ತಂದದ್ದನ್ನು ಬಿಟ್ಟು ಬೇರೇನೇ ಕೊಟ್ಟರೂ ಟೀಚರನ್ನು ಕೇಳಬೇಕು. ತಿನ್ನುವ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು. ಸ್ಯಾನಿಟೈಸರ್ ಕ್ರಿಮಿ ಕೊಲ್ಲಬಹುದು, ಕೈಗೆ ಅಂಟಿದ ಕಡಲೆಕಾಯಿ ಅಂಶವನ್ನು ತೆಗೆಯುವುದಿಲ್ಲ. ಮೈಗೆ ಏನೋ ಆಗುತ್ತಿದೆ ಅನಿಸಿದರೆ ತಕ್ಷಣ ದೊಡ್ಡವರಿಗೆ ಹೇಳಬೇಕು. ಮಗು 'ಅಲರ್ಜಿ ಆಗ್ತಿದೆ' ಎಂದು ಹೇಳುವುದಿಲ್ಲ. 'ನಾಲಿಗೆ ಚುಚ್ಚುತ್ತೆ', 'ಗಂಟಲಲ್ಲಿ ಏನೋ ಸಿಕ್ಕಾಕೊಂಡಿದೆ' ಅನ್ನುತ್ತದೆ, ಇಲ್ಲವೇ ಸುಮ್ನೆ ನಾಲಿಗೆ ಕೆರೆದುಕೊಳ್ಳುತ್ತದೆ. ಟೀಚರಿಗೆ ಇದು ಗೊತ್ತಿರಬೇಕು.

ಅಡ್ರಿನಾಲಿನ್ ಪೆನ್, ಅಂದರೆ ತೀವ್ರ ಅಲರ್ಜಿಯಾದಾಗ ತಕ್ಷಣ ಚುಚ್ಚುವ ಔಷಧಿ ತುಂಬಿದ ಪೆನ್ನಿನಂಥ ಸಾಧನ, ದೊಡ್ಡವರ ಕೆಲಸ. ಐದು ವರ್ಷದ ಹೆಗಲ ಮೇಲೆ ಅದನ್ನು ಹೊರಿಸಬಾರದು. ಉಸಿರಾಟಕ್ಕೆ ತೊಂದರೆ ಶುರುವಾದರೆ ಅಲರ್ಜಿ ಸಿರಪ್ ಕುಡಿಸಿ ಕಾದು ನೋಡುವುದಲ್ಲ, ಮೊದಲು ಪೆನ್ನಿನಿಂದ ತೊಡೆಯ ಹೊರಬದಿಗೆ ಚುಚ್ಚಿ, ಆಮೇಲೆ ಆಸ್ಪತ್ರೆಗೆ. ಇದನ್ನೆಲ್ಲ ಅವಳ ವೈದ್ಯರಿಂದಲೇ ಬರೆಸಿಕೊಂಡು ಶಾಲೆಗೆ ಕೊಡಲು ಹೇಳಿದೆ. ಪಕ್ಕದವರ ಡಬ್ಬಿಯಿಂದ ವಾಸನೆ ಬಂದಷ್ಟಕ್ಕೇ ಜೀವಕ್ಕೆ ಅಪಾಯವಾಗುವುದು ತೀರಾ ಅಪರೂಪ, ನಿಜವಾದ ಅಪಾಯ ಬಾಯಿಗೆ ಹೋದಾಗ ಎಂದು ತಿಳಿದಾಗ ಆಕೆ ಕೊಂಚ ಹಗುರಾದರು.

ಟೀಚರ್ ತರಗತಿಯಲ್ಲಿ ಪುಟ್ಟಿಯ ಬಗ್ಗೆ ಮಾತಾಡಲು ಸಿದ್ಧರಿದ್ದರು. ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ 'ಪಾಪ, ಇವಳಿಗೆ ಹೀಗಿದೆ' ಅನ್ನಬೇಡಿ ಎಂದು ಕೇಳಿಕೊಂಡೆ. ಮಕ್ಕಳ ನಡುವೆ ಪಾಪದವಳಿಗೆ ಗೆಳೆತನ ಸಿಗುವುದು ಕಷ್ಟ. ಬದಲಿಗೆ, ನಿಮ್ಮ ಮೈಗೆ ಯಾವುದು ಆಗಿಬರಲ್ಲ ಎಂದು ಎಲ್ಲರನ್ನೂ ಕೇಳಿ ಎಂದೆ. ಒಬ್ಬನಿಗೆ ಬಸ್ಸಿನಲ್ಲಿ ವಾಂತಿ. ಒಬ್ಬಳಿಗೆ ಧೂಳು ಕಂಡರೆ ಸೀನು. ಇನ್ನೊಬ್ಬನಿಗೆ ಉಣ್ಣೆ ಬಟ್ಟೆ ಹಾಕಿದರೆ ತುರಿಕೆ. ಆ ಸಾಲಿನಲ್ಲೇ ಪುಟ್ಟಿ ಕಡಲೆಕಾಯಿ ಎಂದಳು. ಅಂಟುತ್ತಾ ಎಂದು ಯಾರೋ ಕೇಳಿದರಂತೆ. ಉಣ್ಣೆಯ ಹುಡುಗನೇ ಉತ್ತರ ಕೊಟ್ಟ: "ನನ್ನ ತುರಿಕೆ ನಿಂಗೆ ಬಂದಿದ್ಯಾ?"

ಇನ್ನೊಂದು ಗೊಂದಲವೂ ಇತ್ತು. ಹಂಚಿಕೊಂಡು ತಿನ್ನಬೇಕು ಎಂದು ನಾವೇ ಕಲಿಸಿರುತ್ತೇವೆ. ಈಗ ಏಕಾಏಕಿ ಕೊಡಬೇಡ ಎಂದರೆ ಮಕ್ಕಳಿಗೆ ಏನು ತಿಳಿಯಬೇಕು? ಬಣ್ಣದ ಪೆನ್ಸಿಲ್, ಆಟದ ಸಾಮಾನು ಹಂಚಿಕೊಳ್ಳೋಣ, ತಿಂಡಿ ಮಾತ್ರ ಟೀಚರನ್ನು ಕೇಳಿ ಕೊಡೋಣ ಎಂಬ ನಿಯಮ ಇಡೀ ತರಗತಿಗೆ ಬಂತು. ಮೂಲೆಯ ಮೇಜು ಹೋಯಿತು. ಕಡಲೆಕಾಯಿ ಇರುವ ಡಬ್ಬಿಗಳು ಒಂದು ಮೇಜಿಗೆ, ಇಲ್ಲದವು ಇನ್ನೊಂದಕ್ಕೆ. ಪುಟ್ಟಿಯ ಸುತ್ತ ಈಗ ನಾಲ್ಕೈದು ಮಕ್ಕಳಿರುತ್ತಾರೆ.

ಅಟ್ಟಿಸಿಕೊಂಡು ಹೋದ ಹುಡುಗನನ್ನು ದುಷ್ಟ ಅನ್ನಲಾರೆ. ದೊಡ್ಡವರು ಇಷ್ಟೊಂದು ಹೆದರುವುದು ನಿಜಕ್ಕೂ ನಿಜವಾ ಎಂದು ನೋಡುವ ಕುತೂಹಲ ಅದು. ಆದರೆ ಇದು ಆಟವಲ್ಲ, ಅವಳಿಗೆ ಉಸಿರು ಕಟ್ಟಬಹುದು ಎಂದು ಅವನಿಗೆ ಖಡಾಖಂಡಿತವಾಗಿ ಹೇಳಲೇಬೇಕು. ಟೀಚರ್ ಹೇಳಿದರು. ಎಲ್ಲರ ಮುಂದೆ ಕ್ಷಮೆ ಕೇಳಿಸಲಿಲ್ಲ. ಊಟವಾದ ಮೇಲೆ ಎಲ್ಲರೂ ಕೈ ತೊಳೆದರಾ ಎಂದು ನೋಡುವ ಕೆಲಸ ಕೊಟ್ಟರು. ಅದನ್ನು ಅವನು ಅತಿಯಾಗಿಯೇ ಮಾಡುತ್ತಿದ್ದಾನಂತೆ, ಟೀಚರನ್ನೂ ಬಿಡುತ್ತಿಲ್ಲ.

ಡಬ್ಬಿ ಈಗ ಅರ್ಧ ಖಾಲಿಯಾಗಿ ಬರುತ್ತಿದೆ. ಮನೆಯಲ್ಲಿ ಅಜ್ಜಿ ಮಾತ್ರ "ದಿನಾ ಚೂರು ಚೂರು ತಿನ್ಸಿದ್ರೆ ಅಭ್ಯಾಸ ಆಗುತ್ತೆ" ಅನ್ನುತ್ತಿದ್ದಾರಂತೆ. ಹಾಗೆ ಅಭ್ಯಾಸ ಮಾಡಿಸುವ ಚಿಕಿತ್ಸೆ ಇದೆ, ಆದರೆ ಅದು ಅಲರ್ಜಿ ತಜ್ಞರ ಕಣ್ಣೆದುರಿನಲ್ಲಿ ಶುರುವಾಗಬೇಕಾದದ್ದು, ಅಡುಗೆಮನೆಯಲ್ಲಲ್ಲ. ಮುಂದಿನ ಭೇಟಿಗೆ ಅಜ್ಜಿಯನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.