ಅದು ರಜೆ ಅಲ್ಲ, ರಿಸರ್ವಿಸ್ಟ್

ಟೀಮಿನ ಹುಡುಗ ಎರಡು ವಾರ ಆಫೀಸಿಗೆ ಬರಲಿಲ್ಲ, ಅವನ ಕೆಲಸವೆಲ್ಲ ನನ್ನ ತಲೆಗೆ ಬಿತ್ತು, ಸಿಂಗಪುರದಲ್ಲಿ ಇಷ್ಟು ಸಲೀಸಾಗಿ ರಜೆ ಕೊಡುತ್ತಾರಾ ಅಂತ ಕೇಳಿದ್ದೀರಿ. ಜೊತೆಗೆ ಆರು ವರ್ಷದ ಮಗನಿಗೂ ಪಿಆರ್‌ಗೆ, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಲೇ ಅಂತ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ಅವನು ಹೋಗಿರುವುದು ಸೈನ್ಯದ ಕ್ಯಾಂಪಿಗೆ. ಇಲ್ಲಿನವರ ಬಾಯಲ್ಲಿ ಅದು 'ರಿಸರ್ವಿಸ್ಟ್', ಸರ್ಕಾರಿ ಕಾಗದದಲ್ಲಿ ಐಸಿಟಿ (ಇನ್-ಕ್ಯಾಂಪ್ ಟ್ರೇನಿಂಗ್). ಹೊಸದಾಗಿ ಬಂದಾಗ ನಾನೂ ನಿಮ್ಮ ಹಾಗೇ ಗೊಣಗಿದ್ದೆ. ಇಲ್ಲಿ ಗಂಡುಮಕ್ಕಳು ಎರಡು ವರ್ಷ ಸೈನ್ಯ, ಪೊಲೀಸ್ ಅಥವಾ ಸಿವಿಲ್ ಡಿಫೆನ್ಸ್‌ನಲ್ಲಿ ದುಡಿಯಬೇಕು. ಆಮೇಲೂ ಬಿಡುಗಡೆ ಇಲ್ಲ. ಹತ್ತು ಸುತ್ತು ತರಬೇತಿ, ವರ್ಷಕ್ಕೆ 40 ದಿನದವರೆಗೂ ಕರೆಯಬಹುದು. ಕಂಪನಿ ಕಳಿಸಲೇಬೇಕು.

ಇದು ಶುರುವಾದ ಕಥೆ ಸ್ವಾರಸ್ಯವಾಗಿದೆ. 1954ರಲ್ಲಿ ಬ್ರಿಟಿಷರು ಹುಡುಗರನ್ನು ಅರೆಕಾಲಿಕ ಸೇವೆಗೆ ಸೇರಿಸಲು ಹೊರಟಾಗ ಚೀನೀ ಶಾಲೆಗಳ ವಿದ್ಯಾರ್ಥಿಗಳು ಬೀದಿಗಿಳಿದರು. ಮೇ 13ರಂದು ಪೊಲೀಸರ ಜೊತೆ ಹೊಡೆದಾಟವೇ ಆಯಿತು. ಪರದೇಶದವರ ಸರ್ಕಾರಕ್ಕೆ ನಾವ್ಯಾಕೆ ಬಂದೂಕು ಹಿಡಿಯಬೇಕು, ಅಲ್ವಾ? 1965ರಲ್ಲಿ ದೇಶ ಸ್ವತಂತ್ರವಾದಾಗ ಕೈಲಿದ್ದದ್ದು ಎರಡೇ ಕಾಲಾಳು ಬೆಟಾಲಿಯನ್. ಬ್ರಿಟಿಷ್ ಸೈನ್ಯ ಬೇರೆ ಹೊರಡುವ ತಯಾರಿಯಲ್ಲಿತ್ತು. 1967ರ ಮಾರ್ಚ್‌ನಲ್ಲಿ ಕಡ್ಡಾಯ ಸೇವೆಯ ಕಾನೂನು ಬಂತು. ಮೊದಲ ಸಲ ಸುಮಾರು 9,000 ಹುಡುಗರು ಹೆಸರು ಬರೆಸಿದರು. ಪೂರ್ಣಾವಧಿಗೆ ತೆಗೆದುಕೊಂಡದ್ದು 900 ಜನರನ್ನು ಮಾತ್ರ! ಉಳಿದವರು ಪೀಪಲ್ಸ್ ಡಿಫೆನ್ಸ್ ಫೋರ್ಸ್‌ನಂಥ ಪಡೆಗಳಲ್ಲಿ ಅರೆಕಾಲಿಕ. ತರಬೇತಿ ಕೊಡಲು ಇಸ್ರೇಲಿನಿಂದ ಬಂದವರನ್ನು ಸುಮ್ನೆ 'ಮೆಕ್ಸಿಕನ್ನರು' ಅಂತ ಕರೆದು ಗುಟ್ಟಾಗಿ ಇಟ್ಟಿದ್ದರಂತೆ.

ಇಷ್ಟು ಸಣ್ಣ ದೇಶ ದೊಡ್ಡ ಸೈನ್ಯವನ್ನು ವರ್ಷವಿಡೀ ಸಾಕಿದರೆ ಆಫೀಸು, ಫ್ಯಾಕ್ಟರಿಗೆ ಜನ ಎಲ್ಲಿಂದ ಬರಬೇಕು? ಅದಕ್ಕೇ ಆಫೀಸಿನವರೇ ಸೈನ್ಯ. ಇವರನ್ನೆಲ್ಲ ತುರ್ತಾಗಿ ಕರೆಸಿ ನೋಡುವ ಅಣಕು ಕಸರತ್ತಿನ ದಿನ ಟಿವಿಯಲ್ಲಿ, ಸಿನಿಮಾ ಮಂದಿರದಲ್ಲಿ ಒಗಟಿನಂಥ ಸಂಕೇತಪದಗಳು ಬರುತ್ತವೆ. ತನ್ನ ಯೂನಿಟ್‌ನದು ಕಂಡವನು ಬ್ಯಾಗ್ ಎತ್ತಿಕೊಂಡು ಕೆಲವೇ ಗಂಟೆಗಳಲ್ಲಿ ಕ್ಯಾಂಪ್ ಮುಟ್ಟಬೇಕು. ಮೊದಲ ಸಲ ನೋಡಿದಾಗ ನಾನು ಟಿವಿ ಕೆಟ್ಟಿದೆ ಅಂದುಕೊಂಡಿದ್ದೆ.

ಈಗ ನಿಮ್ಮ ಮಗನ ವಿಷಯ. ಕೆಲಸದ ಮೇಲೆ ಬಂದು ಪಿಆರ್ ಆಗುವ ನಿಮಗೆ ಈ ಸೇವೆ ಇಲ್ಲ. ನಿಮ್ಮ ಜೊತೆ ಪಿಆರ್ ಆಗುವ ಮಗನಿಗೆ ಇದೆ. 13 ತುಂಬಿದ ಮೇಲೆ ಹೆಚ್ಚು ಕಾಲ ಹೊರದೇಶದಲ್ಲಿರಲು ಎಕ್ಸಿಟ್ ಪರ್ಮಿಟ್ ಬೇಕು. ಹದಿನಾರೂವರೆ ವರ್ಷಕ್ಕೆ ಸೇವೆಗೆ ಹೆಸರು ನೋಂದಣಿ. ಆಗ ಪಿಆರ್ ವಾಪಸ್ ಕೊಟ್ಟು ತಪ್ಪಿಸಿಕೊಳ್ಳೋಣ ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಮುಂದೆ ಅವನು ಇಲ್ಲಿ ಓದಲು, ಕೆಲಸ ಮಾಡಲು ಅರ್ಜಿ ಹಾಕಿದಾಗ ಅದು ಅಡ್ಡ ಬರುತ್ತದೆ. ನನ್ನನ್ನು ಕೇಳಿದರೆ, ಇಲ್ಲೇ ನೆಲೆಸುವ ಮನಸ್ಸು ಗಟ್ಟಿ ಇದ್ದರೆ ಮಾತ್ರ ಅವನ ಹೆಸರು ಸೇರಿಸಿ.

ಹಾಂ, ಆ ಹುಡುಗ ವಾಪಸ್ ಬಂದಾಗ ಯಾವ ಯೂನಿಟ್ ಅಂತ ಕೇಳಿ ನೋಡಿ. ಕಾಫಿ ಆರಿದರೂ ಮಾತು ಮುಗಿಯುವುದಿಲ್ಲ.