ರಾತ್ರಿ ಡಂಪ್ ಬದಲು ಪಿಜಿ ಬೇಸ್‌ಬ್ಯಾಕಪ್ ಬಳಸಿ ಪೋಸ್ಟ್‌ಗ್ರೆಸ್ ರೆಪ್ಲಿಕಾ ಮಾಡೋದು ಹೇಗೆ?

ದಿನಾ ರಾತ್ರಿ ಪಿಜಿ ಡಂಪ್ (ಪೋಸ್ಟ್‌ಗ್ರೆಸ್ ಡೇಟಾಬೇಸಿನ ಆ ಹೊತ್ತಿನ ಪ್ರತಿ) ತೆಗೆದು ಎರಡನೇ ಸರ್ವರ್‌ಗೆ ಹಾಕ್ತೀನಿ, ಮಧ್ಯಾಹ್ನ ಮೇನ್ ಸರ್ವರ್ ಕೆಟ್ಟರೆ ಬೆಳಗಿನ ಕೆಲಸವೆಲ್ಲ ಹೋಗುತ್ತೆ ಅಂತ ಬರೆದಿದ್ದೀರಿ. ಇದಕ್ಕೆ ಪಿಜಿ ಬೇಸ್‌ಬ್ಯಾಕಪ್ ಸರಿಯಾಗಿ ಹೊಂದುತ್ತದೆ. ಈ ಕಮಾಂಡ್ ತೆಗೆಯುವ ನಕಲಿನಿಂದ ರೆಪ್ಲಿಕಾ, ಅಂದರೆ ಮೇನ್ ಸರ್ವರ್‌ನ ಬದಲಾವಣೆಗಳನ್ನು ಆಗಿಂದಾಗಲೇ ಪಡೆಯುವ ಪ್ರತಿ, ಮಾಡಬಹುದು. ಆದರೆ ಅದು ಇಡೀ ಕ್ಲಸ್ಟರನ್ನೇ, ಅಂದರೆ ಆ ಸರ್ವರ್‌ನ ಎಲ್ಲ ಡೇಟಾಬೇಸ್‌ಗಳನ್ನೂ, ನಕಲು ಮಾಡುತ್ತದೆ. ಒಂದೇ ಡೇಟಾಬೇಸ್ ಸಾಕು ಅಂದರೆ ಆಗುವುದಿಲ್ಲ, ಅದಕ್ಕೆ ಲಾಜಿಕಲ್ ರೆಪ್ಲಿಕೇಶನ್ (ಬೇಕಾದ ಟೇಬಲ್‌ಗಳ ಬದಲಾವಣೆ ಮಾತ್ರ ಕಳಿಸುವ ವಿಧಾನ) ನೋಡಿ. ಎರಡೂ ಕಡೆ ಒಂದೇ ಮೇಜರ್ ವರ್ಷನ್ ಇರಬೇಕು.

ಮೊದಲು ಮೇನ್ ಸರ್ವರ್‌ನಲ್ಲಿ ರೆಪ್ಲಿಕೇಶನ್ ಅನುಮತಿ ಇರುವ ಯೂಸರ್ ಮಾಡಿ. ಯಾರು ಎಲ್ಲಿಂದ ಕನೆಕ್ಟ್ ಆಗಬಹುದು ಅಂತ ಹೇಳುವ ಪಿಜಿ ಎಚ್‌ಬಿಎ ಫೈಲ್‌ನ ಡೇಟಾಬೇಸ್ ಕಾಲಂನಲ್ಲಿ 'ಆಲ್' ಅಂತ ಇದ್ದರೆ ಸಾಲದು. 'ರೆಪ್ಲಿಕೇಶನ್' ಅಂತಲೇ ಬೇರೆ ಸಾಲು ಬರೆದು ರೀಲೋಡ್ ಮಾಡಬೇಕು. ಇದಕ್ಕೆ ನಾನು ಒಂದು ಸಂಜೆ ಕಳೆದಿದ್ದೇನೆ. ಎರರ್ ಮೆಸೇಜ್ ಅದನ್ನೇ ಹೇಳುತ್ತಿತ್ತು, ನಾನು ಪೂರ್ತಿ ಓದಿರಲಿಲ್ಲ, ಅಷ್ಟೇ.

ಆಮೇಲೆ ಎರಡನೇ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ನಿಲ್ಲಿಸಿ, ಡೇಟಾ ಫೋಲ್ಡರ್ ಖಾಲಿ ಮಾಡಿ, ಪೋಸ್ಟ್‌ಗ್ರೆಸ್ ಯೂಸರ್ ಆಗಿ ಪಿಜಿ ಬೇಸ್‌ಬ್ಯಾಕಪ್ ಕಮಾಂಡ್ ಕೊಡಿ. ಸಣ್ಣ ಎಚ್‌ಗೆ ಮೇನ್ ಸರ್ವರ್ ವಿಳಾಸ, ದೊಡ್ಡ ಯುಗೆ ಯೂಸರ್, ದೊಡ್ಡ ಡಿಗೆ ಫೋಲ್ಡರ್. ದೊಡ್ಡ ಪಿ ಹಾಕಿದರೆ ಎಷ್ಟು ಬಂತು ಅಂತ ಕಾಣುತ್ತದೆ. ದೊಡ್ಡ ಆರ್ ಮರೆಯಬೇಡಿ. 12ನೇ ವರ್ಷನ್‌ನಿಂದ ಈಚೆಗೆ, ಇದು ರೆಪ್ಲಿಕಾ ಅಂತ ಸೂಚಿಸುವ ಸ್ಟ್ಯಾಂಡ್‌ಬೈ ಸಿಗ್ನಲ್ ಫೈಲನ್ನೂ ಕನೆಕ್ಷನ್ ಸೆಟ್ಟಿಂಗನ್ನೂ ಅದೇ ಬರೆದಿಡುತ್ತದೆ. ಶುರುವಿನಲ್ಲಿ ಕೆಲವು ನಿಮಿಷ ಏನೂ ಆಗದೆ ನಿಂತರೆ ಗಾಬರಿ ಬೇಡ, ಚೆಕ್‌ಪಾಯಿಂಟ್‌ಗೆ (ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆದು ಮುಗಿಸುವುದಕ್ಕೆ) ಕಾಯುತ್ತಿರುತ್ತದೆ. ಸಣ್ಣ ಸಿಗೆ 'ಫಾಸ್ಟ್' ಅಂತ ಕೊಟ್ಟರೆ ಬೇಗ ಶುರುವಾಗುತ್ತದೆ.

ಇನ್ನು ದೊಡ್ಡ ಸಿ, ದೊಡ್ಡ ಎಸ್. ಇವು ನೀವು ಹೇಳಿದ ಹೆಸರಲ್ಲಿ ಒಂದು ಸ್ಲಾಟ್ (ರೆಪ್ಲಿಕಾ ಎಲ್ಲಿಯವರೆಗೆ ಓದಿದೆ ಅನ್ನುವ ಗುರುತು) ಮಾಡುತ್ತವೆ. ಸ್ಲಾಟ್ ಇದ್ದರೆ, ರೆಪ್ಲಿಕಾ ಇನ್ನೂ ಓದದ ವಾಲ್ ಫೈಲ್‌ಗಳನ್ನು (ಪ್ರತಿ ಬದಲಾವಣೆ ದಾಖಲಾಗುವ ಲಾಗ್ ಫೈಲ್‌ಗಳು) ಮೇನ್ ಸರ್ವರ್ ಅಳಿಸುವುದಿಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ? ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಯಾರೋ ರೆಪ್ಲಿಕಾ ಮಷೀನ್ ಆಫ್ ಮಾಡಿ ಬೇರೆ ರೂಮಿಗೆ ಸಾಗಿಸಿದರು, ಮತ್ತೆ ಆನ್ ಮಾಡಲಿಲ್ಲ. ಸ್ಲಾಟ್ ಹಾಗೇ ಕಾಯುತ್ತಾ ಕೂತಿತು. ಮೂರನೇ ದಿನ ಮೇನ್ ಸರ್ವರ್‌ನ ಡಿಸ್ಕ್ ತುಂಬಿ ಪೋಸ್ಟ್‌ಗ್ರೆಸ್ಸೇ ನಿಂತುಹೋಯಿತು. ಕಷ್ಟಕ್ಕೆ ಇರಲಿ ಅಂತ ಇಟ್ಟ ಪ್ರತಿಯಿಂದಲೇ ಕಷ್ಟ ಬಂತು!

ಹಾಗಂತ ಸ್ಲಾಟ್ ಬಿಡಬೇಡಿ, ಮಿತಿ ಹಾಕಿ. 13ನೇ ವರ್ಷನ್‌ನಿಂದ 'ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್' ಅನ್ನುವ ಸೆಟ್ಟಿಂಗ್ ಇದೆ. ಅದರ ಡೀಫಾಲ್ಟ್ ಮೈನಸ್ 1, ಅಂದರೆ ಮಿತಿಯೇ ಇಲ್ಲ. ಡಿಸ್ಕ್‌ನಲ್ಲಿ 100 ಜಿಬಿ ಖಾಲಿ ಇದ್ದರೆ ನಾನು 40 ಜಿಬಿ ಇಡುತ್ತೇನೆ. ಮಿತಿ ದಾಟಿದರೆ ರೆಪ್ಲಿಕಾ ಹಿಂದೆ ಬೀಳುತ್ತದೆ, ಬೇಸ್‌ಬ್ಯಾಕಪ್ ಮತ್ತೆ ತೆಗೆಯಬೇಕಾಗುತ್ತದೆ. ಆಗಲಿ ಬಿಡಿ, ಮೇನ್ ಸರ್ವರ್ ನಡೆಯುತ್ತಿರುತ್ತದಲ್ಲ. ಡಿಸ್ಕ್ ತುಂಬಿತು ಅಂತ ಪಿಜಿ ವಾಲ್ ಫೋಲ್ಡರ್‌ಗೆ ಹೋಗಿ ಕೈಯಾರೆ ಫೈಲ್ ಅಳಿಸಲು ಮಾತ್ರ ಹೋಗಬೇಡಿ. ಬೇಡವಾದ ಸ್ಲಾಟನ್ನು ಡ್ರಾಪ್ ಮಾಡಿ.

ಎಲ್ಲ ಆದಮೇಲೆ ಎರಡನೇ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಮತ್ತೆ ಶುರು ಮಾಡಿ, ಮೇನ್ ಸರ್ವರ್‌ನಲ್ಲಿ 'ಪಿಜಿ ಸ್ಟಾಟ್ ರೆಪ್ಲಿಕೇಶನ್' ನೋಡಿ. 'ಸ್ಟ್ರೀಮಿಂಗ್' ಅಂತ ಇರಬೇಕು.

ರಾತ್ರಿ ಡಂಪ್ ಈಗ ನಿಲ್ಲಿಸಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಯಾರಾದರೂ 'ವೇರ್' (ಯಾವ ಸಾಲುಗಳು ಅನ್ನುವ ಷರತ್ತು) ಹಾಕದೆ 'ಡಿಲೀಟ್' ಕೊಟ್ಟರೆ, ರೆಪ್ಲಿಕಾ ಅದನ್ನೂ ಅಷ್ಟೇ ಶ್ರದ್ಧೆಯಿಂದ ನಕಲು ಮಾಡುತ್ತದೆ.