ಓದುಗರ ಪ್ರಶ್ನೆ: ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಇದ್ದೂ ಸಂಧಿವಾತ ತಜ್ಞರು ಸಿಗುತ್ತಿಲ್ಲ

ಪ್ರಶ್ನೆ: ನಾನು ಭೂಸೇನೆಯಿಂದ ಹವಾಲ್ದಾರನಾಗಿ ನಿವೃತ್ತನಾಗಿ ಕೊಡಗಿನಲ್ಲಿ ನೆಲೆಸಿದ್ದೇನೆ. ನನ್ನ ಪತ್ನಿಗೆ ಕೈಬೆರಳು ಮತ್ತು ಮಣಿಕಟ್ಟಿನ ಕೀಲುಗಳು ಊದಿಕೊಂಡು, ಬೆಳಗ್ಗೆ ಎದ್ದಾಗ ಗಂಟೆಗೂ ಹೆಚ್ಚು ಹೊತ್ತು ಮುಷ್ಟಿ ಹಿಡಿಯಲಾಗದಷ್ಟು ಬಿಗಿತ ಇರುತ್ತದೆ. ರಕ್ತಪರೀಕ್ಷೆ ಮಾಡಿ ರುಮಟಾಯ್ಡ್ ಸಂಧಿವಾತ ಎಂದಿದ್ದಾರೆ. ಯೋಜನೆಯ ಸ್ವಂತ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್‌ನಿಂದ ಮೂಳೆ ವೈದ್ಯರಿಗೆ ರೆಫರಲ್ (ಶಿಫಾರಸು ಚೀಟಿ) ಸಿಕ್ಕಿತು. ಅವರು ನೋವಿನ ಮಾತ್ರೆ ಬರೆದುಕೊಟ್ಟರು. ನಂತರ ನಾವಾಗಿಯೇ ಯೋಜನೆಯ ಮಾನ್ಯತೆ ಪಡೆದ ಆಸ್ಪತ್ರೆಗಳ ಪಟ್ಟಿಯಲ್ಲಿರುವ ಒಂದು ದೊಡ್ಡ ಆಸ್ಪತ್ರೆಯ ಸಂಧಿವಾತ ವಿಭಾಗಕ್ಕೆ ಹೋದಾಗ, ಆ ವಿಭಾಗಕ್ಕೆ ಕಾರ್ಡ್ ನಡೆಯುವುದಿಲ್ಲವೆಂದು ಹಣ ಕಟ್ಟಿಸಿಕೊಂಡರು. ಹೀಗೇಕೆ? ಕಟ್ಟಿದ ಹಣ ಮರಳಿ ಬರುತ್ತದೆಯೇ?
— ನಿವೃತ್ತ ಯೋಧ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ, ಅಂದರೆ ಇಸಿಎಚ್‌ಎಸ್, 2003ರ ಏಪ್ರಿಲ್ 1ರಂದು ಆರಂಭವಾಯಿತು. ಒಮ್ಮೆ ವಂತಿಗೆ ಕಟ್ಟಿದ ಮೇಲೆ ಖಾಸಗಿ ವಿಮೆಯಂತೆ ವರ್ಷವರ್ಷವೂ ಕಂತು ಕಟ್ಟಬೇಕಾಗಿಲ್ಲ, ಹಳೆಯ ಕಾಯಿಲೆಯೆಂದು ಚಿಕಿತ್ಸೆ ನಿರಾಕರಿಸುವಂತೆಯೂ ಇಲ್ಲ. ದೀರ್ಘಕಾಲದ ಕಾಯಿಲೆ ಇರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ. ಆದರೆ ಈ ಯೋಜನೆಯಲ್ಲಿ ತುರ್ತು ಸ್ಥಿತಿಯನ್ನು ಬಿಟ್ಟರೆ ಬಹುತೇಕ ಎಲ್ಲವೂ ಪಾಲಿಕ್ಲಿನಿಕ್‌ನ ವೈದ್ಯಾಧಿಕಾರಿ ಬರೆದುಕೊಡುವ ರೆಫರಲ್ ಮೇಲೆ ನಿಂತಿದೆ, ಮತ್ತು ಅದರಲ್ಲಿ ಯಾವ ವಿಭಾಗದ ಹೆಸರಿದೆ ಎಂಬುದು ನೀವು ಯಾವ ವೈದ್ಯರನ್ನು ಕಾಣುತ್ತೀರಿ ಎಂಬುದನ್ನು ನಿರ್ಧರಿಸುತ್ತದೆ.

ಮೊದಲು ನಿಮ್ಮ ಪತ್ನಿಯವರ ಕಾಯಿಲೆಯ ವಿಚಾರ. ರುಮಟಾಯ್ಡ್ ಸಂಧಿವಾತವು ಮೂಳೆ ಸವೆತವಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಎರಗುವುದರಿಂದ ಬರುವ ಕಾಯಿಲೆ. ನೋವಿನ ಮಾತ್ರೆ ನೋವನ್ನು ಅಡಗಿಸುತ್ತದೆಯೇ ಹೊರತು ಕೀಲು ಹಾಳಾಗುವುದನ್ನು ತಡೆಯುವುದಿಲ್ಲ. ಅದಕ್ಕೆ ಮೆಥೋಟ್ರೆಕ್ಸೇಟ್‌ನಂತಹ, ಪರಿಣಾಮ ಕಾಣಿಸಲು ಹಲವು ವಾರ ಹಿಡಿಯುವ ಔಷಧಗಳು ಬೇಕು. ಇದನ್ನು ನೋಡಬೇಕಾದವರು ರುಮಟಾಲಜಿ (ಸಂಧಿವಾತ) ತಜ್ಞರು, ಅವರು ಸಿಗದಿದ್ದರೆ ಈ ಕಾಯಿಲೆಯಲ್ಲಿ ಅನುಭವವಿರುವ ಜನರಲ್ ಮೆಡಿಸಿನ್ ತಜ್ಞರು. ಕೀಲುನೋವು ಎಂದ ಕೂಡಲೇ ಮೂಳೆ ವಿಭಾಗಕ್ಕೆ ಕಳುಹಿಸುವ ರೂಢಿ ಎಲ್ಲೆಡೆ ಇದೆ, ನಿಮ್ಮ ವಿಷಯದಲ್ಲೂ ಅದೇ ನಡೆದಂತಿದೆ. ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ, ಇಎಸ್‌ಆರ್ ಎಂಬ ರಕ್ತಪರೀಕ್ಷೆಗಳ ವರದಿಗಳೊಂದಿಗೆ ಪಾಲಿಕ್ಲಿನಿಕ್‌ಗೆ ಮತ್ತೆ ಹೋಗಿ, ಬೆಳಗಿನ ಬಿಗಿತದ ಸಂಗತಿಯನ್ನು ತಿಳಿಸಿ, ರುಮಟಾಲಜಿ ವಿಭಾಗಕ್ಕೇ ರೆಫರಲ್ ಬೇಕೆಂದು ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಿ. ಸಮಾಲೋಚನೆಯ ಜೊತೆಗೆ ಅಗತ್ಯ ಪರೀಕ್ಷೆಗಳನ್ನೂ ಅದರಲ್ಲಿಯೇ ನಮೂದಿಸಿಕೊಟ್ಟರೆ ಒಂದು ರಕ್ತಪರೀಕ್ಷೆಗಾಗಿ ಘಟ್ಟ ಹತ್ತಿಳಿಯುವುದು ತಪ್ಪುತ್ತದೆ. ರೆಫರಲ್‌ಗೆ ಅವಧಿ ಇರುವುದರಿಂದ ದಿನಾಂಕವನ್ನು ಕೌಂಟರಿನಲ್ಲಿಯೇ ನೋಡಿಕೊಳ್ಳಿ.

ಇನ್ನು ಆಸ್ಪತ್ರೆಯವರು ಹಣ ಕೇಳಿದ್ದಕ್ಕೆ ಎರಡು ಕಾರಣಗಳಿರಬಹುದು. ನಿಮ್ಮ ಬಳಿ ಆ ವಿಭಾಗಕ್ಕೆ ರೆಫರಲ್ ಇರಲಿಲ್ಲ ಎಂಬುದು ಒಂದು. ಇನ್ನೊಂದನ್ನು ಅನೇಕರು ಗಮನಿಸುವುದಿಲ್ಲ: ಆಸ್ಪತ್ರೆಗಳಿಗೆ ಮಾನ್ಯತೆ ಸಿಗುವುದು ನಿರ್ದಿಷ್ಟ ವಿಭಾಗಗಳಿಗೆ. ಹೃದ್ರೋಗಕ್ಕೆ ಕಾರ್ಡ್ ಒಪ್ಪುವ ಆಸ್ಪತ್ರೆಯು ರುಮಟಾಲಜಿಗೆ ಒಪ್ಪದೇ ಇರಬಹುದು. ಆದ್ದರಿಂದ ಪಾಲಿಕ್ಲಿನಿಕ್‌ನಲ್ಲಿ ಆಸ್ಪತ್ರೆಗಳ ಪಟ್ಟಿಯ ಜೊತೆಗೆ ಅವುಗಳ ಮಾನ್ಯ ವಿಭಾಗಗಳನ್ನೂ ನೋಡಿ, ಹೊರಡುವ ಮುನ್ನ ಆ ಆಸ್ಪತ್ರೆಯ ಇಸಿಎಚ್‌ಎಸ್ ಕೌಂಟರಿಗೆ ಫೋನ್ ಮಾಡಿ ತಜ್ಞರು ಬರುವ ದಿನವನ್ನು ಖಚಿತಪಡಿಸಿಕೊಳ್ಳಿ. ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ನಿಮ್ಮ ಹಕ್ಕು; ಇಂಥದ್ದಕ್ಕೇ ಹೋಗಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಬೆಂಗಳೂರಿನಂಥ ಸೇನಾ ನೆಲೆಯಲ್ಲಿ ಮಾತ್ರ ಮೊದಲು ಸೇನಾ ಆಸ್ಪತ್ರೆಗೆ ಕಳುಹಿಸಬಹುದು.

ತಜ್ಞರು ಬರೆದ ಔಷಧವನ್ನು ಹೊರರೋಗಿಗಳು ಆಸ್ಪತ್ರೆಯ ಅಂಗಡಿಯಲ್ಲಿ ಕೊಳ್ಳದೆ, ಚೀಟಿಯನ್ನು ಪಾಲಿಕ್ಲಿನಿಕ್‌ಗೆ ತಂದು ಪಡೆಯಬೇಕು. ದಾಸ್ತಾನಿಲ್ಲವೆಂದರೆ ಬರಿಗೈಯಲ್ಲಿ ಮರಳದೆ, ಲಭ್ಯವಿಲ್ಲವೆಂದು ಚೀಟಿಯ ಮೇಲೆ ಬರೆಸಿಕೊಂಡು, ಅಧಿಕೃತ ಔಷಧ ಅಂಗಡಿಯಿಂದ ತರಿಸಿಕೊಡುವ ವ್ಯವಸ್ಥೆಯ ಬಗ್ಗೆ ವಿಚಾರಿಸಿ. ಮೆಥೋಟ್ರೆಕ್ಸೇಟ್ ಬರೆದಿದ್ದರೆ ಒಂದು ಎಚ್ಚರಿಕೆ: ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಫೋಲಿಕ್ ಆ್ಯಸಿಡ್ ಅದರ ಜೊತೆಯಲ್ಲಿ ಕೊಡುವ ಔಷಧ. ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ಆಗಾಗ ಆಗಬೇಕು. ಇವುಗಳಿಂದ ಹತೋಟಿಗೆ ಬಾರದೆ ದುಬಾರಿ ಜೈವಿಕ ಚುಚ್ಚುಮದ್ದು ಬೇಕಾದಲ್ಲಿ ಮುಂಚಿತವಾಗಿ ಮಂಜೂರಾತಿ ಬೇಕಾಗಬಹುದು. ತಜ್ಞರ ಸಮರ್ಥನೆ, ಈವರೆಗೆ ಕೊಟ್ಟ ಔಷಧಗಳ ವಿವರ, ಕ್ಷಯರೋಗ ಹಾಗೂ ಹೆಪಟೈಟಿಸ್ ಪರೀಕ್ಷೆಯ ವರದಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಂಡಿದ್ದರೆ ಕೆಲಸ ಬೇಗ ಆಗುತ್ತದೆ.

ನೀವು ಕಟ್ಟಿದ ಹಣದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ರೆಫರಲ್ ಇಲ್ಲದೆ, ತುರ್ತು ಸ್ಥಿತಿಯೂ ಅಲ್ಲದೆ ಪಡೆದ ಸಮಾಲೋಚನೆಯ ವೆಚ್ಚವನ್ನು ಸಾಮಾನ್ಯವಾಗಿ ಮರುಪಾವತಿಸುವುದಿಲ್ಲ. ಜೀವಕ್ಕೆ ಅಪಾಯವಿರುವಾಗ ನಿಯಮ ಬೇರೆ: ಮಾನ್ಯತೆ ಪಡೆದ ಆಸ್ಪತ್ರೆಗೆ ರೆಫರಲ್ ಇಲ್ಲದೆಯೇ ನೇರವಾಗಿ ದಾಖಲಾಗಬಹುದು. ಮಾನ್ಯತೆಯಿಲ್ಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಮನೆಯವರು 48 ಗಂಟೆಗಳೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಿ, ಬಿಲ್ಲುಗಳ ಮೂಲಪ್ರತಿಗಳನ್ನು ಇಟ್ಟುಕೊಂಡಿರಬೇಕು, ಮತ್ತು ಆಗಲೂ ಮರಳಿ ಬರುವುದು ಸರ್ಕಾರ ನಿಗದಿಪಡಿಸಿದ ದರದಷ್ಟೇ ಹೊರತು ಆಸ್ಪತ್ರೆ ಹಾಕಿದ ಪೂರ್ತಿ ಬಿಲ್ಲಲ್ಲ.